ರಾಸ್‌ನ ಮಗ ರಾಸ್ ಆಗುತ್ತಿದ್ದನೇ?

ಪ್ರಶ್ನೆ: ಇಥಿಯೋಪಿಯದ ಇತಿಹಾಸದಲ್ಲಿ ಹೆಸರಿಗೆ ಮೊದಲು ರಾಸ್, ದೆಜಾಜ್ಮಾಚ್, ಫಿತವ್ರಾರಿ ಎಂದೆಲ್ಲ ಬರುತ್ತದಲ್ಲ, ಇವು ಮನೆತನದ ಹೆಸರುಗಳೇ? ಅಪ್ಪನ ನಂತರ ಮಗನಿಗೆ ಸಿಗುತ್ತಿದ್ದವೇ?

ಉತ್ತರ: ಎರಡೂ ಅಲ್ಲ. ಇವು ಚಕ್ರವರ್ತಿ ಕೊಡುತ್ತಿದ್ದ ಪದವಿಗಳು. ಬಹುಪಾಲು ಹುಟ್ಟಿದ್ದು ದಂಡಿನಲ್ಲಿ. ಮುಂಚೂಣಿಯ ನಾಯಕ ಫಿತವ್ರಾರಿ, ಬಲಪಕ್ಕದವನು ಕೆನ್ಯಾಜ್ಮಾಚ್, ಎಡಪಕ್ಕದವನು ಗ್ರಾಜ್ಮಾಚ್. ಎಡಕ್ಕಿಂತ ಬಲಕ್ಕೆ ಮಾನ ಹೆಚ್ಚು. ಇವರೆಲ್ಲರ ಮೇಲೆ ದೆಜಾಜ್ಮಾಚ್, ಅವನ ಮೇಲೆ ರಾಸ್, ಆಮೇಲೆ ನೆಗುಸ್, ಅಂದರೆ ರಾಜ. ತುದಿಯಲ್ಲಿ ರಾಜರ ರಾಜನಾದ ಚಕ್ರವರ್ತಿ.

ದೊಡ್ಡ ಮನೆಯ ಹುಡುಗನಿಗೆ ಹುಟ್ಟಿನಿಂದ ದಕ್ಕುತ್ತಿದ್ದದ್ದು ‘ಲಿಜ್’ ಎಂಬ ಗೌರವ ಮಾತ್ರ. ಹರಾರ್‌ನ ಅಧಿಪತಿ ರಾಸ್ ಮೆಕೊನ್ನೆನ್ ಅವರ ಮಗ ತಫಾರಿಯನ್ನೇ ನೋಡಿ. ಮೊದಲು ಲಿಜ್, ಹದಿಹರೆಯದಲ್ಲಿ ದೆಜಾಜ್ಮಾಚ್. ರಾಸ್ ಪದವಿ ಬಂದದ್ದು 1916ರಲ್ಲಿ, ಅಪ್ಪ ತೀರಿಕೊಂಡು ಹತ್ತು ವರ್ಷವಾದ ಮೇಲೆ. 1928ರಲ್ಲಿ ನೆಗುಸ್, 1930ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ. ಹೀಗಾಗಿ ತಾರೀಖಿಲ್ಲದ ಕಾಗದದಲ್ಲಿ ‘ನೆಗುಸ್ ತಫಾರಿ’ ಎಂದು ಕಂಡರೆ ಅದು 1928–30ರದ್ದೆಂದು ಊಹಿಸಬಹುದು. ‘ಮೆಕೊನ್ನೆನ್’ ಕುಲನಾಮವಲ್ಲ, ಅಪ್ಪನ ಹೆಸರು. ಇದನ್ನು ಮರೆತವರು ಒಬ್ಬನನ್ನೇ ಇಬ್ಬರೆಂದು ಎಣಿಸಿಬಿಡುತ್ತಾರೆ.

ಇನ್ನೊಂದು ಕಡೆ, ತಿಗ್ರಾಯ್‌ನ ರೈತನ ಮಗ ಅಲುಲಾ ರಾಸ್ ಆದರು. 1887ರಲ್ಲಿ ದೊಗಾಲಿಯಲ್ಲಿ ಇಟಲಿಯ ತುಕಡಿಯನ್ನು ಸದೆಬಡಿದವರು ಅವರೇ. ವಂಶಪಾರಂಪರ್ಯ ಇರಲೇ ಇಲ್ಲ ಎಂದಲ್ಲ: ವಾಗ್ ಸೀಮೆಯ ಒಡೆಯರ ‘ವಾಗ್ ಶುಮ್’ ಪದವಿ ಮನೆತನದಲ್ಲೇ ಉಳಿದು ಬಂತು.

ಪದವಿಯ ಮೆಟ್ಟಿಲು ನೋಡಿ ಅಧಿಕಾರವನ್ನು ಅಳೆಯಲು ಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಚಕ್ರವರ್ತಿ ಮೆನೆಲಿಕ್ ಕಾಲದ ಯುದ್ಧಮಂತ್ರಿ ಹಬ್ತೆ ಗಿಯೋರ್ಗಿಸ್ ಕೊನೆಯವರೆಗೂ ಫಿತವ್ರಾರಿಯೇ. ಆದರೂ ಎಷ್ಟೋ ಮಂದಿ ರಾಸ್‌ಗಳಿಗಿಂತ ಅವರ ಮಾತು ನಡೆಯುತ್ತಿತ್ತು. ಸಾಮ್ರಾಜ್ಯದ ಫಿತವ್ರಾರಿ ಬೇರೆ, ಒಬ್ಬ ರಾಸ್‌ನ ಕೈಕೆಳಗಿನ ಫಿತವ್ರಾರಿ ಬೇರೆ. ಆದ್ದರಿಂದ ಪದವಿಯ ಜೊತೆಗೆ ಅವನು ಯಾರ ದಂಡಿನವನು ಎಂಬುದನ್ನೂ ಕೇಳಬೇಕು.

ಆಸ್ಥಾನದ ಹುದ್ದೆಗಳ ಸಾಲೇ ಬೇರೆ. ರಾಜಾಜ್ಞೆ ಬರೆಸಿ ಮುದ್ರೆ ಕಾಯುವವನು ತ್ಸೆಹಾಫೆ ತೆಜಾಜ್. ಮುಖ್ಯ ನ್ಯಾಯಾಧೀಶ ಆಫೆ ನೆಗುಸ್. ವರ್ತಕರ ಮುಖ್ಯಸ್ಥ ನೆಗಾದ್ರಾಸ್. 1975ರಲ್ಲಿ ರಾಜಪ್ರಭುತ್ವವೇ ರದ್ದಾಯಿತು. ನಗರದ ಅಧಿಪತಿಗಿದ್ದ ‘ಕಂತೀಬಾ’ ಮಾತ್ರ ಉಳಿದುಕೊಂಡಿದೆ. ಅಡಿಸ್ ಅಬಾಬಾದ ಮೇಯರ್‌ಗೆ ಇಂದಿಗೂ ಅದೇ ಹೆಸರು.