ಗಾಳಿ ಕಮ್ಮಿಯಾದ ಟೈರ್ ಯಾಕೆ ಒಡೆಯುತ್ತದೆ?

ಗಾಳಿ ಜಾಸ್ತಿಯಾದರೆ ಟೈರ್ ಒಡೆಯುತ್ತದೆ ಅಂದರೆ ಯಾರಾದರೂ ನಂಬುತ್ತಾರೆ. ಆದರೆ ಕಮ್ಮಿಯಾದರೂ ಒಡೆಯುತ್ತದೆ, ಅದೂ ಹೈವೇಯಲ್ಲಿ. ಟೈರಿನ ವಿಷಯದಲ್ಲಿ ಅರ್ಥ ಮಾಡಿಕೊಳ್ಳಲು ನನಗೆ ಕಷ್ಟವಾಗಿದ್ದು ಇದೇ.

ಒಂದು ಬೈಂಡಿಂಗ್ ವೈರ್ ತೆಗೆದುಕೊಂಡು ಒಂದೇ ಜಾಗದಲ್ಲಿ ಹತ್ತಾರು ಸಲ ಬೇಗ ಬೇಗ ಬಗ್ಗಿಸಿ ನೋಡಿ. ಬಗ್ಗಿದ ಜಾಗ ಬೆರಳಿಗೆ ಬಿಸಿ ತಾಗುತ್ತದೆ. ಟೈರಿನ ಪಕ್ಕ, ಅಂದರೆ ಸೈಡ್‌ವಾಲ್ ಕೂಡ ಹೀಗೇ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ. ಕಾರಿನ ಭಾರ ಹೊರುವುದು ಹೆಚ್ಚಾಗಿ ಒಳಗಿನ ಗಾಳಿ. ಗಾಳಿ ಇಳಿದಷ್ಟೂ ಸೈಡ್‌ವಾಲ್ ಜಾಸ್ತಿ ಬಗ್ಗುತ್ತದೆ. ಸುತ್ತಳತೆ 1.85 ಮೀಟರ್ ಇರುವ ಟೈರ್ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ಹೊಡೆಯುತ್ತದೆ. ಗಂಟೆಗೆ 54 ಸಾವಿರ ಸಲ ಬಗ್ಗಿದ ಹಾಗಾಯಿತು! ಆ ಬಿಸಿಗೆ ರಬ್ಬರಿಗೂ ಒಳಗಿನ ಉಕ್ಕಿನ ಬೆಲ್ಟಿಗೂ ಇರುವ ಹಿಡಿತ ಸಡಿಲವಾಗುತ್ತದೆ. ಕೊನೆಗೆ ರಸ್ತೆಗೆ ತಾಗುವ ಮೇಲಿನ ಪಟ್ಟಿ ಸುಲಿದು ಬರುತ್ತದೆ, ಇಲ್ಲವೇ ಸೈಡ್‌ವಾಲ್ ಹರಿಯುತ್ತದೆ.

ಅಮೆರಿಕದಲ್ಲಿ ಆಗಿದ್ದನ್ನು ಮರೆಯಬೇಡಿ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಯಿತು. ಅವುಗಳಲ್ಲಿ ತುಂಬಾ ಟೈರುಗಳು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಪಟ್ಟಿ ಸುಲಿದು, ಗಾಡಿ ಪಲ್ಟಿಯಾಗಿ ನೂರಾರು ಜನ ಸತ್ತರು. ಟೈರಿನಲ್ಲೇ ದೋಷವಿತ್ತು, ನಿಜ. ಆದರೆ ಗಾಳಿಯ ಲೆಕ್ಕವೂ ಚರ್ಚೆಗೆ ಬಂತು. ಫೋರ್ಡ್ ಹೇಳಿದ್ದು 26 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ), ಫೈರ್‌ಸ್ಟೋನ್ ಆಮೇಲೆ ಹೇಳಿದ್ದು 30. ಮೊದಲೇ 26 ಇಟ್ಟರೆ, ಅದರಲ್ಲೂ ನಾಲ್ಕೈದು ಇಳಿದರೆ ಉಳಿಯುವುದೆಷ್ಟು?

ಅದೇ ವರ್ಷ ಅಲ್ಲಿ ವಾಹನ ಸುರಕ್ಷತೆಗೆ ಟ್ರೆಡ್ ಅನ್ನುವ ಕಾಯ್ದೆ ಬಂತು. ಅದರಿಂದಾಗಿ ಮುಂದೆ ಹೊಸ ಕಾರುಗಳಿಗೆಲ್ಲ ಟಿಪಿಎಂಎಸ್, ಅಂದರೆ ಟೈರಿನ ಗಾಳಿ ಇಳಿದರೆ ದೀಪ ಹತ್ತಿಸಿ ಎಚ್ಚರಿಸುವ ವ್ಯವಸ್ಥೆ, ಕಡ್ಡಾಯವಾಯಿತು. ಇಲ್ಲಿ ಒಂದು ಅಂಕಿ ನೆನಪಿಡಿ. ಅಲ್ಲಿನ ನಿಯಮದ ಪ್ರಕಾರ ಒತ್ತಡ ಶೇ. 25ರಷ್ಟು ಇಳಿಯುವ ಹೊತ್ತಿಗೆ ದೀಪ ಹತ್ತಿದರೆ ಸಾಕು. 32 ಇರಬೇಕಾದ ಕಡೆ 24ಕ್ಕೆ ಇಳಿಯುವವರೆಗೂ ದೀಪ ಸುಮ್ನೆ ಇರಬಹುದು. ಚಕ್ರದ ವೇಗ ಹೋಲಿಸಿ ಲೆಕ್ಕ ಹಾಕುವ ಬಗೆಯ ಟಿಪಿಎಂಎಸ್‌ಗೆ, ನಾಲ್ಕೂ ಟೈರ್ ಒಟ್ಟಿಗೆ ಸಮವಾಗಿ ಇಳಿದರೆ ಗೊತ್ತೇ ಆಗದಿರಬಹುದು. ಪಂಕ್ಚರ್ ಇಲ್ಲದಿದ್ದರೂ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುವುದು ಮಾಮೂಲಿ ಅಲ್ವಾ?

ಕಣ್ಣನ್ನು ನಂಬುವ ಹಾಗಿಲ್ಲ. ಈಗಿನ ಕಾರುಗಳಲ್ಲಿರುವ ರೇಡಿಯಲ್ ಟೈರ್ ಗಾಳಿ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿರುತ್ತದೆ. ಕಾರು ಮೂರು ಗಂಟೆ ನಿಂತ ಮೇಲೆ ಗೇಜ್ ಹಾಕಿ ನೋಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ.

ಗಾಳಿ ಇಳಿದೇ ಓಡಿದ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ಬಿಚ್ಚಿಸಿದಾಗ ಒಳಗೆ ಕೈಯಾಡಿಸಿ. ರಬ್ಬರ್ ಉಜ್ಜಿದಾಗ ಉದುರುವಂಥ ಕಪ್ಪು ಪುಡಿ ಬೆರಳಿಗೆ ಅಂಟಿದರೆ ಸೈಡ್‌ವಾಲ್ ಒಳಗಿಂದ ಸವೆದಿದೆ ಎಂದರ್ಥ. ಗಾಳಿ ಹೊಡೆಸಿದರೆ ಗೇಜಿನಲ್ಲಿ 32 ಬರುತ್ತದೆ, ಸವೆದಿದ್ದು ವಾಪಸ್ ಬರುವುದಿಲ್ಲ. ಅಂಥ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.