ಕತ್ತರಿಗೆ ಬಗ್ಗದ ಮರ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರೆ. ಮಂಕಿ ಪಜಲ್ ಎಂಬ ಮರ ಗಿಡವಾಗಿದ್ದಾಗಲೂ ಬಗ್ಗುವುದಿಲ್ಲ. ದಾಸವಾಳವನ್ನು ಸವರಿ ಬೇಲಿಯ ಅಳತೆಗೆ ತಂದಂತೆ ಇದನ್ನು ತರಲಾಗದು. ಸುಳಿ ಕತ್ತರಿಸಿದರೆ ಮರದ ಆಕಾರ ಜನ್ಮಕ್ಕೆ ಕೆಟ್ಟಂತೆ, ಕೊಂಬೆಯನ್ನು ಅರ್ಧಕ್ಕೆ ಕಡಿದರೆ ಮೋಟು ಮೋಟಾಗಿಯೇ ಉಳಿಯುವುದು ಹೆಚ್ಚು. ಆದ್ದರಿಂದ ಇದನ್ನು ಬೆಳೆಸುವವರು ತಲೆ ಓಡಿಸಬೇಕಾದದ್ದು ನೆಡುವುದಕ್ಕೆ ಮೊದಲು.

ಅರಾಕೇರಿಯ ಅರಾಕಾನ ಎಂಬುದು ಇದರ ಶಾಸ್ತ್ರೀಯ ಹೆಸರು. ತವರು ಚಿಲಿ ಮತ್ತು ಅರ್ಜೆಂಟೀನಾದ ಆಂಡಿಸ್ ಇಳಿಜಾರು. ಚಿಲಿಯ ಕರಾವಳಿ ಬೆಟ್ಟಸಾಲಾದ ನಹುವೆಲ್ಬುಟಾದಲ್ಲೂ ಒಂದಿಷ್ಟು ಉಳಿದಿವೆ. ಅಲ್ಲಿನ ಪೆಹುವೆಂಚೆ ಜನರಿಗೆ ಇದು ‘ಪೆಹುವೆನ್’. ಆ ಜನಾಂಗದ ಹೆಸರಿನ ಅರ್ಥವೇ ಪೆಹುವೆನ್ ಮರದವರು ಎಂದು. ಜ್ವಾಲಾಮುಖಿಯ ಬೂದಿ ಬಿದ್ದು ಉಂಟಾದ ಸಡಿಲ ಮಣ್ಣು, ಚಳಿಗಾಲದಲ್ಲಿ ಹಿಮ, ತಂಪು ಬೇಸಿಗೆ ಇವಿಷ್ಟು ಅದರ ತವರಿನ ವಾತಾವರಣ. ಮಳೆ ಧಾರಾಳ, ಆದರೆ ಬಿದ್ದ ನೀರು ಬೇರಿನ ಬಳಿ ನಿಲ್ಲುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಕೈತೋಟದ ಅರ್ಧ ತಪ್ಪುಗಳು ತಪ್ಪುತ್ತವೆ.

ಯುರೋಪಿಗೆ ಇದನ್ನು ತಂದವನು ಸಸ್ಯವಿಜ್ಞಾನಿ ಆರ್ಚಿಬಾಲ್ಡ್ ಮೆಂಜೀಸ್. ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ಹಡಗಿನಲ್ಲಿ ಹೋಗಿದ್ದ ಆತ ಚಿಲಿಯಲ್ಲಿ ಊಟದ ಕೊನೆಗೆ ಬಡಿಸಿದ ಬೀಜಗಳನ್ನು ಜೇಬಿಗಿಳಿಸಿ, ಹಡಗಿನಲ್ಲೇ ಮೊಳೆಯಿಸಿ, 1795ರಲ್ಲಿ ಇಂಗ್ಲೆಂಡಿಗೆ ತಲುಪಿಸಿದ ಎಂಬುದು ಪ್ರಸಿದ್ಧ ಕಥೆ. ‘ಇದನ್ನು ಹತ್ತುವುದು ಮಂಗಕ್ಕೂ ಒಗಟೇ’ ಎಂದು 1850ರ ಸುಮಾರಿಗೆ ಕಾರ್ನ್‌ವಾಲ್‌ನ ಪೆನ್‌ಕ್ಯಾರೋ ತೋಟದಲ್ಲಿ ಅತಿಥಿಯೊಬ್ಬ ಆಡಿದ ಚೇಷ್ಟೆಯ ಮಾತೇ ಹೆಸರಾಗಿ ನಿಂತಿತು. ಅದರ ತವರು ಕಾಡಿನಲ್ಲಿ ಮಂಗಗಳೇ ಇಲ್ಲ ಎನ್ನುವುದು ಬೇರೆ ಮಾತು.

ಈಗ ಜಾಗದ ವಿಚಾರ. ಬ್ರಿಟನ್ನಿನ ಪಶ್ಚಿಮ ಭಾಗ, ಐರ್ಲೆಂಡ್, ಅಮೆರಿಕದ ಸಿಯಾಟಲ್ ಮತ್ತು ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇದು ಚೆನ್ನಾಗಿ ಬರುತ್ತದೆ. ಸುಮಾರು ಮೈನಸ್ 20 ಡಿಗ್ರಿವರೆಗಿನ ಚಳಿ ತಡೆಯುತ್ತದೆ. ತಡೆಯಲಾಗದ್ದು ಸೆಕೆ, ಅದರಲ್ಲೂ ರಾತ್ರಿಯೂ ಆರದ ಬಿಸಿ ಒದ್ದೆ ಮಣ್ಣು. ಅಂಥಲ್ಲಿ ಫೈಟಾಫ್ತೊರ ಎಂಬ ರೋಗಾಣು ಬೇರನ್ನು ಕೊಳೆಸಿಬಿಡುತ್ತದೆ. ಹಾಗಾಗಿ ಮಂಗಳೂರು, ಬೆಂಗಳೂರುಗಳಲ್ಲಿ ಇದಕ್ಕೆ ಹಣ ಸುರಿಯುವುದು ವ್ಯರ್ಥ. ಲಾಲ್‌ಬಾಗಿನಲ್ಲಿ ನಾವು ನೋಡುವ, ಕ್ರಿಸ್‌ಮಸ್ ಟ್ರೀ ಎಂದು ಕರೆಯುವ ಅರಾಕೇರಿಯ ಇದರ ದಾಯಾದಿ ಕುಕ್ ಪೈನ್; ಅದು ನ್ಯೂ ಕ್ಯಾಲಿಡೋನಿಯಾದ್ದು, ಬಿಸಿಲಿಗೆ ಒಗ್ಗಿದ್ದು.

ಮರ ಕೊನೆಗೆ ಎಷ್ಟು ದೊಡ್ಡದಾದೀತು? ಕಾಡಿನಲ್ಲಿ 40 ಮೀಟರ್ ದಾಟುತ್ತದೆ, ತೋಟದಲ್ಲಿ ಅದರ ಅರ್ಧ ಎಂದಿಟ್ಟುಕೊಂಡರೂ ಏಳೆಂಟು ಮೀಟರ್ ಅಗಲ ಹರಡುತ್ತದೆ. ಅಂಗಡಿಯ ಕುಂಡದಲ್ಲಿ ಮೊಣಕಾಲೆತ್ತರ ನಿಂತ ಸಸಿಗೆ ಮರುಳಾಗಿ ಜನ ಅದನ್ನು ಮುಂಬಾಗಿಲ ಕಿಟಕಿಯ ಕೆಳಗೆ ನೆಡುತ್ತಾರೆ. ಮೊದಲ ಕೆಲವು ವರ್ಷ ಅದು ಆಮೆಯ ಹೆಜ್ಜೆ ಇಡುತ್ತದೆ, ಆಮೇಲೆ ವರ್ಷಕ್ಕೆ 30 ಸೆಂಟಿಮೀಟರಿನಷ್ಟು ಏರಿ ಕಿಟಕಿಯ ಬೆಳಕನ್ನೇ ನುಂಗುತ್ತದೆ. ಗೋಡೆ, ಕಾಲುದಾರಿ, ವಿದ್ಯುತ್ ತಂತಿಗಳಿಂದ ಕನಿಷ್ಠ 8 ಮೀಟರ್ ದೂರವಿರಲಿ. ಮಕ್ಕಳು ಆಡುವ ಜಾಗವಂತೂ ಬೇಡವೇ ಬೇಡ: 3–4 ಸೆಂಟಿಮೀಟರ್ ಉದ್ದದ ತ್ರಿಕೋನಾಕಾರದ ಎಲೆಯ ತುದಿ ಸೂಜಿಯಂತಿದ್ದು, ಉದುರಿ ಒಣಗಿದ ಮೇಲೂ ಬರಿಗಾಲಿಗೆ ಚುಚ್ಚುತ್ತದೆ.

ನೀರು ಬಸಿಯುತ್ತದೆಯೇ ಎಂದು ತಿಳಿಯಲು 40 ಸೆಂಟಿಮೀಟರ್ ಆಳದ ಗುಂಡಿ ತೋಡಿ ತುಂಬ ನೀರು ಹಾಕಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ. ಜೇಡಿಮಣ್ಣಿನ ಗುಂಡಿಗೆ ಜಲ್ಲಿ ತುಂಬಿ ಸರಿಪಡಿಸುತ್ತೇವೆ ಎನ್ನುವುದು ಹಳೆಯ ಭ್ರಮೆ. ಸುತ್ತಲಿನ ನೀರೆಲ್ಲ ಬಂದು ಸೇರುವ ಬಾವಿಯನ್ನು ನೀವೇ ತೋಡಿಕೊಟ್ಟಂತಾಗುತ್ತದೆ. ಬೇರೆ ಜಾಗ ಇಲ್ಲವೇ ಇಲ್ಲ ಎಂದಾದರೆ 30–40 ಸೆಂಟಿಮೀಟರ್ ಎತ್ತರದ ಅಗಲವಾದ ದಿಬ್ಬ ಮಾಡಿ ಅದರ ಮೇಲೆ ನೆಡಬಹುದು.

ಸಸಿ ಸಣ್ಣದಿದ್ದಷ್ಟೂ ಒಳ್ಳೆಯದು, 30ರಿಂದ 60 ಸೆಂಟಿಮೀಟರ್ ಸಾಕು. ಕೊಳ್ಳುವ ಮುನ್ನ ಕುಂಡದಿಂದ ಎತ್ತಿ ಬೇರು ನೋಡಿ. ಬಳೆಯಂತೆ ಸುತ್ತಿಕೊಂಡಿದ್ದರೆ ವಾಪಸ್ ಇಡಿ. ಸುಳಿ ಒಂದೇ ಇರಬೇಕು, ಮುರಿದಿರಬಾರದು. ಗುಂಡಿಯ ಅಗಲ ಬೇರುಮುದ್ದೆಯ ಎರಡರಷ್ಟು, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಬೇರಾಗುವ ಕತ್ತು ನೆಲಮಟ್ಟಕ್ಕೆ ಬರಬೇಕು, ಹೂತುಹೋಗಬಾರದು. ತೋಡಿದ ಮಣ್ಣನ್ನೇ ತುಂಬಿ, 5–8 ಸೆಂಟಿಮೀಟರ್ ದಪ್ಪ ಸೊಪ್ಪಿನ ಹೊದಿಕೆ ಹಾಕಿ, ಬುಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಮೊದಲ ಎರಡು ಬೇಸಿಗೆ ಮಳೆಯಿಲ್ಲದ ವಾರಗಳಲ್ಲಿ ವಾರಕ್ಕೊಮ್ಮೆ 10–15 ಲೀಟರ್ ನೀರು ಬೇಕು. ಪೈನ್ ಮರಗಳಿಗೆಂದು ಮಾರುವ ಶಿಲೀಂಧ್ರದ ಪುಡಿಗೆ ದುಡ್ಡು ಕೊಡಬೇಡಿ. ಪೈನಿನ ಬೇರಿನೊಡನೆ ಬಾಳುವ ಶಿಲೀಂಧ್ರದ ಗುಂಪೇ ಬೇರೆ, ಅರಾಕೇರಿಯಕ್ಕೆ ಒಗ್ಗುವ ಗುಂಪೇ ಬೇರೆ.

ಬೀಜದಿಂದ ಬೆಳೆಸುವವರಿಗೆ ಹಲಸಿನ ಬೀಜದ ಅನುಭವ ನೆರವಿಗೆ ಬರುತ್ತದೆ. ಎರಡೂ ಒಣಗಿಸಿಡುವ ಜಾತಿಯವಲ್ಲ, ಒಣಗಿದರೆ ಸತ್ತಂತೆ. ಒದ್ದೆ ಮರಳಿನಲ್ಲಿಟ್ಟು ಫ್ರಿಜ್‌ನಲ್ಲಿ ಕೆಲವು ವಾರ ಕಾಯ್ದಿಡಬಹುದು, ಆ ತಂಪು ಮೊಳಕೆಗೂ ಅನುಕೂಲ. ಬಿತ್ತುವ ಮುನ್ನ ಒಂದು ದಿನ ನೀರಿನಲ್ಲಿ ನೆನೆಸಿ. ತೇಲುವವು ಬಹುಪಾಲು ಜೊಳ್ಳು. ಚೂಪು ತುದಿ ಕೆಳಗೆ ಬರುವಂತೆ ಸ್ವಲ್ಪ ಓರೆಯಾಗಿ, ಅರ್ಧ ಬೀಜ ಮೇಲೆ ಕಾಣುವ ಹಾಗೆ, 20 ಸೆಂಟಿಮೀಟರ್ ಆಳದ ಕುಂಡದಲ್ಲಿ ಊರಿ. ಮಣ್ಣಿಗೆ ಮೂರನೆಯ ಒಂದು ಭಾಗ ದಪ್ಪ ಮರಳೋ ಪರ್ಲೈಟ್ ಎಂಬ ಹಗುರ ಹರಳುಗಳೋ ಸೇರಿಸಿ. 15 ಡಿಗ್ರಿ ಆಸುಪಾಸಿನಲ್ಲಿ ಕೆಲವು ಒಂದೆರಡು ತಿಂಗಳಿಗೆ ಮೊಳೆಯುತ್ತವೆ, ಕೆಲವು ಇನ್ನೂ ತಡ. ಬೀಜದಳಗಳು ಬೀಜದೊಳಗೇ ಉಳಿಯುವುದರಿಂದ ಮೊಳಕೆ ಬಂದ ಮೇಲೆ ಬೀಜವನ್ನು ಕಿತ್ತುಹಾಕಬೇಡಿ. ಸಸಿಗೆ ಅದೇ ಬುತ್ತಿ. ಇಲಿ, ಅಳಿಲುಗಳಿಗೂ ಅದು ಬುತ್ತಿಯೇ, ಆದ್ದರಿಂದ ಕುಂಡದ ಮೇಲೆ ತಂತಿಬಲೆ ಮುಚ್ಚಿಡಿ. ಪಕ್ಕದ ಕೊಂಬೆಯ ತುಂಡು ನೆಟ್ಟು ಗಿಡ ಮಾಡಲು ಹೋದರೆ, ಬೇರು ಬಂದರೂ ಅದು ಕೊಂಬೆಯ ಹಾಗೆಯೇ ಅಡ್ಡಡ್ಡ ಬೆಳೆಯುತ್ತದೆ.

ಎಲೆ ಕಂದಾದಾಗ ಯಾವ ಭಾಗದಲ್ಲಿ ಎಂದು ಮೊದಲು ನೋಡಿ. ದೊಡ್ಡ ಮರದ ತೀರಾ ಕೆಳಗಿನ ಕೊಂಬೆಗಳ ಸುತ್ತು ಮಾತ್ರ ಒಣಗಿದರೆ ಅದು ವಯಸ್ಸಿನ ಸಹಜ ಕ್ರಮ. ಮರ ಎಲ್ಲೆಡೆ ಮಂಕಾಗಿ, ಬುಡದಲ್ಲಿ ರಾಳ ಜಿನುಗುತ್ತಿದ್ದರೆ ಬೇರಿನ ಕೊಳೆತವನ್ನು ಶಂಕಿಸಬೇಕು. ಆಗ ಗೊಬ್ಬರ ಹಾಕುವುದು ಜ್ವರದವನಿಗೆ ಹೋಳಿಗೆ ಬಡಿಸಿದಂತೆ. ಎಳೆ ಮರದ ಬುಡದ ತೊಗಟೆ ಕಿತ್ತಿದ್ದರೆ ಕಾರಣ ಹುಲ್ಲು ಕತ್ತರಿಸುವ ಯಂತ್ರವೇ ಇರಬಹುದು. ಚಿಲಿಯ ಕಾಡುಗಳಲ್ಲಿ ಕೊಂಬೆ ಒಣಗಿಸುತ್ತಿರುವ ರೋಗಕ್ಕೆ ಪೆವೆನೊಮೈಸಿಸ್ ಎಂಬ ಶಿಲೀಂಧ್ರ ಕಾರಣವೆಂದು 2021ರಲ್ಲಿ ವರ್ಣಿಸಲಾಯಿತು. ಅಲ್ಲಿಂದ ಬೀಜ, ಸಸಿಗಳನ್ನು ಚೀಲದಲ್ಲಿ ತರಬಾರದು ಎನ್ನಲು ಇದೂ ಒಂದು ಕಾರಣ. ಕಾಡಿನ ಮರಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಅತಿ ಕಟ್ಟುನಿಟ್ಟಿನ ಪಟ್ಟಿಯ ರಕ್ಷಣೆಯೂ ಇದೆ.

ಸವರುವುದೆಂದರೆ ಸತ್ತ ಕೊಂಬೆ ತೆಗೆಯುವುದಷ್ಟೇ. ಕೊಂಬೆಯ ಬುಡದ ಉಬ್ಬಿಗೆ ಹೊಂದಿ, ಕಾಂಡಕ್ಕೆ ಗಾಯವಾಗದಂತೆ ಕತ್ತರಿಸಬೇಕು. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಇಡೀ ಮರ ಕಡಿಯಬೇಕೆನಿಸಿದರೆ, ಬ್ರಿಟನ್ನಿನಲ್ಲಿರುವವರು ಆ ಮರಕ್ಕೆ ಸಂರಕ್ಷಣಾ ಆದೇಶ ಇದೆಯೇ ಎಂದು ಸ್ಥಳೀಯ ಆಡಳಿತದಲ್ಲಿ ಮೊದಲು ವಿಚಾರಿಸಬೇಕು.

ಗಂಡು ಹೆಣ್ಣು ಬೇರೆ ಬೇರೆ ಮರ. ನಿಮ್ಮದು ಯಾವುದು ಎಂದು ತಿಳಿಯಲು ಸಾಮಾನ್ಯವಾಗಿ 30–40 ವರ್ಷ ಕಾಯಬೇಕು. ಹೆಣ್ಣು ಮರದಲ್ಲಿ ತೆಂಗಿನಕಾಯಿ ಗಾತ್ರದ ಶಂಕುಗಳಾಗಿ, ಪರಾಗ ಬಿದ್ದ ಸುಮಾರು ಒಂದೂವರೆ ವರ್ಷಕ್ಕೆ ಮರದ ಮೇಲೆಯೇ ಬಿಚ್ಚಿ ಬೀಜ ಉದುರಿಸುತ್ತವೆ. ಒಂದೊಂದರಲ್ಲಿ 200ರವರೆಗೆ ಬೀಜ. ಹತ್ತಿರದಲ್ಲಿ ಗಂಡು ಮರ ಇಲ್ಲದಿದ್ದರೆ ಎಲ್ಲವೂ ಜೊಳ್ಳು. ಗಟ್ಟಿ ಬೀಜಗಳನ್ನು ಉಪ್ಪು ನೀರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ದಪ್ಪ ತುದಿ ಕೊಯ್ದು ಒತ್ತಿದರೆ ತಿರುಳು ಜಾರಿ ಬರುತ್ತದೆ. ಬೇಯಿಸುವ ಮೊದಲು ಗಟ್ಟಿಯಾದ ನಾಲ್ಕನ್ನು ತೆಗೆದಿಡಿ, ಅಂದೇ ಒದ್ದೆ ಮರಳಿಗೆ ಹಾಕಿ.