ಪಾಯ ತೋಡುವ ಮೊದಲೇ ಕರೆಯಿರಿ

"ಮೇಡಂ, ಮನಿ ಕೆಲಸ ಎಲ್ಲ ಮುಗಿದೈತಿ. ಇನ್ನು ಗಿಡ ಹಾಕೋದೊಂದೇ ಬಾಕಿ. ಗೃಹಪ್ರವೇಶಕ್ಕೆ ಹದಿನೈದು ದಿನ ಐತಿ, ಬರ್ರಿ."

ದಾವಣಗೆರೆಯಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಅಂದರೆ ಕಟ್ಟಡದ ಸುತ್ತಲಿನ ನೆಲ, ನೀರು, ಗಿಡಮರಗಳ ವಿನ್ಯಾಸ ಮಾಡುವವಳು ಆಗಿರುವ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ಕರೆದವರ ಮೇಲೆ ನನಗೆ ಸಿಟ್ಟಿಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಕಟ್ಟಿದ ಮನೆ ಅದು. ಆದರೆ ಆ "ಬಾಕಿ" ಅನ್ನುವ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಅಷ್ಟೊತ್ತಿಗೆ ನಾನು ಮಾಡಬಹುದಾಗಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಕೈತಪ್ಪಿರುತ್ತದೆ.

ಮೂರು ವರ್ಷದ ಹಿಂದೆ ವಿದ್ಯಾನಗರದ ಕಡೆ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಇದ್ದದ್ದು ಒಂದೇ ಆಸೆ. ಮಲಗುವ ಕೋಣೆಯ ಪಶ್ಚಿಮದ ಕಿಟಕಿಗೆ ನೆರಳಾಗಿ ಒಂದು ಹೊಂಗೆ ಮರ. ಮೊದಲು ಪಾಠ ಹೇಳಿದ ಹಳ್ಳಿಯ ಶಾಲೆಯಲ್ಲಿ ಅಂಥದ್ದೊಂದು ಇತ್ತಂತೆ. ಕಿಟಕಿಯ ಆಚೆ ಹೋಗಿ ನೋಡಿದರೆ ಐದಡಿ ಜಾಗ. ಅದರ ತುಂಬ ಯುಜಿಡಿ (ಒಳಚರಂಡಿ) ಚೇಂಬರ್‌ಗಳು, ಪೈಪುಗಳು. ಮುಂದಿನ ಮೂಲೆಯಲ್ಲಿ ಮಾತ್ರ ಒಂದಿಷ್ಟು ಖಾಲಿ ನೆಲ ಉಳಿದಿತ್ತು. ಅಲ್ಲಿ ಹಾರೆ ಹಾಕಿಸಿದೆ. ಮೇಲೆ ಎರಡು ಇಂಚು ಕೆಂಪು ಮಣ್ಣು, ಟ್ರ್ಯಾಕ್ಟರ್‌ನಲ್ಲಿ ತಂದು ಹರಡಿದ್ದು. ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಕಲ್ಲಾದ ಸಿಮೆಂಟು, ಒಂದು ಹರಿದ ಚೀಲ. ಒಂದಡಿ ಆಳದ ಗುಂಡಿ ತೋಡಿ ಒಂದು ಕೊಡ ನೀರು ಹೊಯ್ದೆವು. ಕಾಫಿ ಕುಡಿದು ಬಂದರೂ ನೀರು ಇಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರೇ ಫೋನ್ ಮಾಡಿದರು. "ಇನ್ನೂ ಅರ್ಧ ಗುಂಡಿ ನೀರು ಹಂಗೇ ಐತಮ್ಮ." ಒಂದು ವರ್ಷ ಲಾರಿ, ಜೆಸಿಬಿ ಓಡಾಡಿ ತುಳಿದ ನೆಲ ಅದು. ಬೇರು ಎಲ್ಲಿಗೆ ಹೋಗಬೇಕು?

ನಮ್ಮ ಕೆಲಸ ಗಿಡದಿಂದ ಶುರುವಾಗುವುದಿಲ್ಲ, ನೆಲದಿಂದ ಶುರುವಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸೈಟಿನ ಮೇಲಿನ ಅರ್ಧ ಅಡಿ, ಮುಕ್ಕಾಲು ಅಡಿ ಮಣ್ಣಿನಲ್ಲೇ ಜೀವ ಇರುವುದು. ಪಾಯ ತೋಡಿದಾಗ ಕೆಳಗಿನ ಸತ್ತ ಮಣ್ಣು ಮೇಲೆ ಬಂದು ಬೀಳುತ್ತದೆ, ಒಳ್ಳೇದು ಅಡಿಗೆ ಹೋಗುತ್ತದೆ. ಮೊದಲೇ ಕೆರೆಸಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿದ್ದರೆ ಆಮೇಲೆ ಮಣ್ಣು ಕೊಳ್ಳುವುದೇ ಬೇಡ. ಇನ್ನು ಲೆವೆಲ್. ರಸ್ತೆಗಿಂತ ಮನೆ ಎಷ್ಟು ಎತ್ತರ ಅಂತ ಆರ್ಕಿಟೆಕ್ಟ್ ಗೆರೆ ಎಳೆಯುತ್ತಾರೆ. ಅಂಗಳದ ಇಳಿಜಾರನ್ನು ಮಾತ್ರ ಕೊನೆಗೆ ಮೇಸ್ತ್ರಿಯ ಅಂದಾಜಿಗೆ ಬಿಡುತ್ತಾರೆ. ಮೇಸ್ತ್ರಿ ಗೇಟಿನ ಕಡೆ ಇಳಿಜಾರು ಕೊಟ್ಟು, ಗೋಡೆಯಿಂದ ಗೋಡೆಗೆ ಪಾರ್ಕಿಂಗ್ ಟೈಲ್ಸ್ ಹಾಸುತ್ತಾನೆ. ಅವನ ತಪ್ಪೇನೂ ಇಲ್ಲ, ಅವನಿಗೆ ಬೇರೆ ಯಾರೂ ಹೇಳಿರುವುದಿಲ್ಲ.

ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. 100 ಚದರ ಮೀಟರ್ ತಾರಸಿಯಾದರೆ ಸುಮಾರು 60,000 ಲೀಟರ್. ಸೋರಿ, ಆರಿ ಹೋಗುವುದನ್ನು ಕಳೆದರೂ ಕಡಿಮೆ ಏನಲ್ಲ. ಅಷ್ಟೂ ಚರಂಡಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಅದೇ ಮನೆಯವರು ಲಾನ್ ಉಳಿಸೋಕೆ ಟ್ಯಾಂಕರ್ ತರಿಸುತ್ತಾರೆ. ಕಾಗದದ ಮೇಲೆ ಇದ್ದಾಗ ಲೆವೆಲ್ ನಾಲ್ಕು ಇಂಚು ಬದಲಿಸೋಕೆ ಒಂದು ರಬ್ಬರ್ ಸಾಕು. ಟೈಲ್ಸ್ ಹಾಸಿದ ಮೇಲೆ ಒಡೆಯಬೇಕು.

ಚಿತ್ರದುರ್ಗದ ಕೋಟೆ ಹತ್ತುವವರು ಗೋಪಾಲಸ್ವಾಮಿ ಹೊಂಡದ ಹತ್ತಿರ ಸ್ವಲ್ಪ ನಿಂತು ನೋಡಿ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಂತೆಹೊಂಡಕ್ಕೆ. ಏಳು ಸುತ್ತಿನ ಗೋಡೆಯನ್ನೂ ಈ ನೀರನ್ನೂ ಒಟ್ಟಿಗೇ ಯೋಚಿಸದೆ ಇದು ಆಗುವ ಕೆಲಸವಲ್ಲ, ಅಲ್ವಾ?

ಹಾಗಂತ ನಮ್ಮನ್ನು ಕರೆದರೆ ಎಲ್ಲ ಕಡೆ ಗಿಡ ತುಂಬುತ್ತೇವೆ ಅಂತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಕ್ ಅನ್ನುವ ಸಂಶೋಧನಾ ಸಂಸ್ಥೆಯ ಎರಡು ಕಟ್ಟಡಗಳ ನಡುವೆ ತೋಟ ಮಾಡಬೇಕು ಅಂತ ಆರ್ಕಿಟೆಕ್ಟ್ ಲೂಯಿ ಕಾನ್ ಯೋಚಿಸಿದ್ದರು. ಸಲಹೆಗೆ ಮೆಕ್ಸಿಕೋದ ಆರ್ಕಿಟೆಕ್ಟ್ ಲೂಯಿಸ್ ಬರಾಗಾನ್ ಅವರನ್ನು ಕರೆಸಿದರು. ಇಲ್ಲಿ ಗಿಡವೇ ಬೇಡ, ಬರೀ ಕಲ್ಲಿನ ಅಂಗಳ ಇರಲಿ ಅಂದರು ಬರಾಗಾನ್. ಕಾನ್ ಒಪ್ಪಿದರು. ಈಗ ಅಲ್ಲಿ ಒಂದು ಸಣ್ಣ ನೀರಿನ ಕಾಲುವೆ ಸಮುದ್ರದ ಕಡೆ ನೇರ ಹೋಗುತ್ತದೆ, ಅಷ್ಟೇ.

ನಮ್ಮಲ್ಲೂ ಸರಿಯಾಗಿ ಆಗುವುದುಂಟು. ಚಿತ್ರದುರ್ಗದ ಹೊರಗೆ ಒಂದು ಮನೆಗೆ ಆರ್ಕಿಟೆಕ್ಟ್ ಗೆಳೆಯರೊಬ್ಬರು ನನ್ನನ್ನು ಮೊದಲ ದಿನವೇ ಕರೆದರು. ಸೈಟಿನಲ್ಲಿ ಹಳೇ ಬೇವಿನ ಮರ. ಅವರ ನಕ್ಷೆಯಲ್ಲಿ ಅದು ಪಶ್ಚಿಮದ ಗೋಡೆಗೆ ಅಡ್ಡ ಬರುತ್ತಿತ್ತು. ಏಪ್ರಿಲ್ ತಿಂಗಳು, ಸಂಜೆ ನಾಲ್ಕು ಗಂಟೆ. ಕೈಯಲ್ಲಿ ಸುಣ್ಣದ ಪುಡಿ ಹಿಡಿದು ಮರದ ನೆರಳಿನ ಅಂಚಿಗೆ ಗೆರೆ ಹಾಕಿದೆ. ಐದು ಗಂಟೆಗೆ ಇನ್ನೊಂದು ಗೆರೆ. ಎರಡೂ ಅವರು ಬೆಡ್‌ರೂಮ್ ಬರೆದಿದ್ದ ಜಾಗದ ಮೇಲೇ ಹಾದುಹೋದವು. ಅವರು ಸುಮ್ನೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿ ಮನೆಯನ್ನು ಪೂರ್ವಕ್ಕೆ ಸರಿಸಿದರು. ಎರಡನೇ ಕಾರಿಗೆ ಜಾಗ ಇಕ್ಕಟ್ಟಾಯಿತು. ಮನೆಯವರು ಯೋಚನೆ ಮಾಡಿ ಒಪ್ಪಿದರು.

ಆದರೆ ಇದನ್ನು ಓದಿ ಎಲ್ಲರೂ ಗೋಡೆ ಪಕ್ಕ ಮರ ಬೆಳೆಸಬೇಡಿ. ಅಲ್ಲಿ ಗರಸು ನೆಲ, ಕೆಳಗೆ ಬಂಡೆ ಇತ್ತು. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೂಂ ಅಂದ ಮೇಲೇ ಮುಂದುವರಿದೆವು. ದಾವಣಗೆರೆ ಸುತ್ತ ಎಷ್ಟೋ ಕಡೆ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರ ಅದರ ನೀರು ಹೀರಿದರೆ ಗೋಡೆಗೂ ಬಿರುಕು ಬರಬಹುದು. ಎಷ್ಟು ದೂರ ಅನ್ನುವುದನ್ನು ಮಣ್ಣು ನೋಡದೆ ನಾನು ಹೇಳಲಾರೆ.

ಮೇಷ್ಟ್ರ ಮನೆಯ ಮುಂದಿನ ಮೂಲೆಯಲ್ಲಿ ಮೂರಡಿ ಅಗಲ, ಮೂರಡಿ ಆಳ ಅಗೆಸಿ ಕಸವೆಲ್ಲ ತೆಗೆಸಿದೆವು. ಹೊಲದ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಹೊಂಗೆ ನೆಟ್ಟೆವು. ಈಗ ಅದು ಕಾಂಪೌಂಡ್ ದಾಟಿದೆ, ಹೂ ವ್ಯಾಪಾರದ ಅಜ್ಜಿ ಅದರ ಕೆಳಗೇ ಬುಟ್ಟಿ ಇಳಿಸಿ ಕೂರುತ್ತಾರೆ. ಪಶ್ಚಿಮದ ಕಿಟಕಿಗೆ ಮಾತ್ರ ಮೇಷ್ಟ್ರು ಪ್ರತಿ ಮಾರ್ಚ್‌ನಲ್ಲಿ ಹಸಿರು ನೆಟ್ ಕಟ್ಟುತ್ತಾರೆ.